ಜಲ ‘ಆಲ’ವಾದದ್ದು ಹೇಗೆ: ಒಂದು ಕೆರೆ ವರದಿ, ವರ್ಡ್‌ನ ಊಹೆ, ನಮ್ಮ ಸೆಟ್ಟಿಂಗ್

ವರದಿ ಕೆರೆಗಳ ಬಗ್ಗೆ. ಹಳೆಯ ಸಮೀಕ್ಷೆಯ ಪುಟಗಳು ‘ನುಡಿ 01 ಇ’ ಫಾಂಟಿನಲ್ಲಿವೆ. ಈಚೆಗೆ ಸೇರಿಸಿದ ಅಧ್ಯಾಯಗಳು ಯೂನಿಕೋಡ್ ಕನ್ನಡದಲ್ಲಿವೆ, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿಯಲ್ಲಿ. ಕೊನೆಯಲ್ಲಿ ಇಂಗ್ಲಿಷ್ ಅನುಬಂಧ, ನಡುವೆ ಎಕ್ಸೆಲ್‌ನಿಂದ ತಂದು ಅಂಟಿಸಿದ ಜಮೀನಿನ ಕೋಷ್ಟಕ. ಎಲ್ಲವೂ ಒಂದೇ ವರ್ಡ್ ಫೈಲ್, ಮೂರು ಕಂಪ್ಯೂಟರ್‌ಗಳ ನಡುವೆ ಓಡಾಡುತ್ತದೆ. ಕರ್ನಾಟಕದ ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಇಂಥ ಫೈಲ್‌ಗಳಲ್ಲಿ ಮೇಲಿಂದ ಮೇಲೆ ಕಾಣುವ ತೊಂದರೆಗಳನ್ನು ಈ ಒಂದೇ ಮಾದರಿ ಫೈಲಿನ ಮೇಲಿಟ್ಟು ಇಲ್ಲಿ ಬಿಡಿಸಿದೆ.

ಕರಡು ತಿದ್ದುವವರ ಕಣ್ಣಿಗೆ ಬಿದ್ದ ತಪ್ಪುಗಳು ಹೀಗಿದ್ದವು. ‘ಜಲ ಸಂಪನ್ಮೂಲ’ ಎಂದಿರಬೇಕಾದಲ್ಲಿ ‘ಆಲ ಸಂಪನ್ಮೂಲ’. ಕೋಷ್ಟಕದ ತಲೆಯಲ್ಲಿ ‘ಜಿಲ್ಲೆ’ಗೆ ಬದಲಾಗಿ ‘ಈಲ್ಲೆ’. ‘1/2 ಎಕರೆ’ ಇದ್ದದ್ದು ‘ಳಿ ಎಕರೆ’. ಉಪವಿಧಿಗಳ ಪಟ್ಟಿಯಲ್ಲಿ (ಎ), (ಬಿ), (ಸಿ) ಸರಿಯಾಗಿವೆ, ನಾಲ್ಕನೆಯದು (ಡಿ) ಇರಬೇಕಾದಲ್ಲಿ ಒಂಟಿ ‘ಲ’. ‘ಗಡಿ’ ಎಂಬ ಪದ ಕೆಲವೆಡೆ ಕೆಟ್ಟಿದೆ, ‘ಗಡಿಯ’ ಎಲ್ಲೂ ಕೆಟ್ಟಿಲ್ಲ. ಟೈಪ್ ಮಾಡಿದವರು ಇವುಗಳಲ್ಲಿ ಒಂದನ್ನೂ ಒತ್ತಿರಲಿಲ್ಲ.

ಮೊದಲು ‘ನುಡಿ’ಯ ಹಳೆಯ ಫಾಂಟ್ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು. ಅದರಲ್ಲಿ ಕನ್ನಡ ಅಕ್ಷರ ಎಂಬುದೇ ಫೈಲಿನೊಳಗೆ ಇರುವುದಿಲ್ಲ. ಇರುವುದು ರೋಮನ್ ಅಕ್ಷರಗಳ ಸಂಕೇತಗಳು, ಅವುಗಳ ಮೇಲೆ ಫಾಂಟ್ ಕನ್ನಡದ ಚಿತ್ರಗಳನ್ನು ಕೂರಿಸುತ್ತದೆ. ಪರದೆಯಲ್ಲಿ ‘ಜ’ ಕಂಡಾಗ ಫೈಲಿನಲ್ಲಿರುವುದು ಇಂಗ್ಲಿಷಿನ ಸಣ್ಣ ಡಿ. ದೊಡ್ಡ ಡಿ ಇದ್ದರೆ ಕಾಣುವುದು ‘ಆ’. ‘ಜಿ’ ಎಂದರೆ ಸಣ್ಣ ಎಫ್, ‘ಈ’ ಎಂದರೆ ದೊಡ್ಡ ಎಫ್. ‘ರಿ’ ಸಣ್ಣ ಜೆ, ‘ಎ’ ದೊಡ್ಡ ಜೆ. ‘ಟಿ’ ಸಣ್ಣ ಎನ್, ‘ಓ’ ದೊಡ್ಡ ಎನ್. ‘ಚಿ’ ಇಂಗ್ಲಿಷಿನ ಸಣ್ಣ ಎ, ಅದೇ ದೊಡ್ಡದಾದರೆ ಅನುಸ್ವಾರದ ಸೊನ್ನೆ.

ವರ್ಡ್‌ಗೆ ಕಾಣುವುದು ಈ ಸಂಕೇತಗಳೇ ಹೊರತು ಪರದೆಯ ಚಿತ್ರವಲ್ಲ. ಅದರ ಲೆಕ್ಕದಲ್ಲಿ ಇದು ಇಂಗ್ಲಿಷ್. ವಾಕ್ಯ ಮುಗಿದು ಚುಕ್ಕಿ ಬಿತ್ತು, ಮುಂದಿನ ಪದ ಸಣ್ಣ ಡಿಯಿಂದ ಶುರುವಾಯಿತು, ಸ್ಪೇಸ್ ಒತ್ತಿದ ಕೂಡಲೇ ಅದನ್ನು ದೊಡ್ಡದು ಮಾಡಿತು. ಜಲ ಆಲವಾಯಿತು. ಟೈಪ್ ಮಾಡುವವರ ಕಣ್ಣು ಕೈಬರಹದ ಪ್ರತಿಯ ಮೇಲಿರುತ್ತದೆ. ಬದಲಾವಣೆ ಆದದ್ದು ಅವರು ಮುಂದಿನ ಪದಕ್ಕೆ ಹೋದ ಮೇಲೆ.

ವಾಕ್ಯದ ಆರಂಭದಲ್ಲಷ್ಟೇ ಆಗಿದ್ದರೆ ಹುಡುಕುವುದು ಸುಲಭವಿತ್ತು. ‘12 ಚ.ಕಿ.ಮೀ. ಜಲಾನಯನ ಪ್ರದೇಶ’ ಎಂಬಲ್ಲಿ ವಾಕ್ಯದ ನಡುವೆಯೂ ‘ಆಲಾನಯನ’ ಆಗುತ್ತದೆ, ಏಕೆಂದರೆ ಸಂಕ್ಷೇಪದ ಚುಕ್ಕಿಯನ್ನೂ ವರ್ಡ್ ವಾಕ್ಯದ ಕೊನೆ ಎಂದೇ ಎಣಿಸುತ್ತದೆ. ಇಂಗ್ಲಿಷ್ ಸಂಕ್ಷೇಪಗಳಿಗೆ ಅದರ ಬಳಿ ವಿನಾಯಿತಿ ಪಟ್ಟಿಯಿದೆ. ‘ಕಿ.ಮೀ.’, ‘ರೂ.’, ‘ತಾ.’ ಅದರಲ್ಲಿ ಇಲ್ಲ. ಕೋಷ್ಟಕಗಳ ಪಾಡು ಇನ್ನೂ ಕಷ್ಟ. ಕೋಷ್ಟಕದ ಪ್ರತಿ ಖಾನೆಯ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಟಿಕ್ ಬೇರೆಯೇ ಇದೆ, ಅದೂ ಮೊದಲಿಂದಲೇ ಹಾಕಿರುತ್ತದೆ. ‘ಈಲ್ಲೆ’ ಬಂದದ್ದು ಅಲ್ಲಿಂದ.

ಇನ್ನು ‘ಗಡಿ’. ಇಂಗ್ಲಿಷಿನಲ್ಲಿ ಕೈತಪ್ಪಿ ಮೊದಲೆರಡು ಅಕ್ಷರ ದೊಡ್ಡದಾದರೆ ಎರಡನೆಯದನ್ನು ಸಣ್ಣದು ಮಾಡುವ ನಿಯಮ ವರ್ಡ್ ತಾನಾಗಿ ತಿದ್ದುವ ವ್ಯವಸ್ಥೆಯಾದ ಆಟೋಕರೆಕ್ಟ್‌ನಲ್ಲಿದೆ. ನುಡಿಯಲ್ಲಿ ‘ಗ’ ಎಂದರೆ ದೊಡ್ಡ ಯು, ಅದರ ಪಕ್ಕ ತಲಕಟ್ಟಾಗಿ ನಿಲ್ಲುವುದು ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ಎ. ‘ಡಿ’ ಎಂದರೆ ಸಣ್ಣ ಆರ್. ಎರಡು ದೊಡ್ಡದು, ಒಂದು ಸಣ್ಣದು. ನಿಯಮಕ್ಕೆ ಹೇಳಿ ಮಾಡಿಸಿದ ಹಾಗೆ ಸಿಕ್ಕಿತು. ಓರೆಗೆರೆಯ ಎ ಸಣ್ಣದಾದರೆ ನುಡಿಯಲ್ಲಿ ಅದು ಪ-ಒತ್ತು. ಹಾಗಾಗಿ ತಲಕಟ್ಟು ಕಳಚಿ ಗಕಾರದ ಕೆಳಗೆ ಪ-ಒತ್ತು ನೇತುಬೀಳುತ್ತದೆ. ‘ಗಡಿಯ’ ಎಂದಾಗ ಮುಂದೆ ಇನ್ನಷ್ಟು ದೊಡ್ಡಕ್ಷರಗಳು ಬರುವುದರಿಂದ ನಿಯಮಕ್ಕೆ ಹೊಂದದೆ ಪದ ಪಾರಾಗುತ್ತದೆ. ‘ಗರಿ’, ‘ಕರಿ’ ಇವೂ ‘ಗಡಿ’ಯ ಸಾಲಿನವೇ.

‘ಳಿ ಎಕರೆ’ಗೆ ಕಾರಣ ಅದೇ ಸೆಟ್ಟಿಂಗ್ ಪೆಟ್ಟಿಗೆಯ ಬೇರೆ ಟ್ಯಾಬಿನಲ್ಲಿದೆ. 1/2 ಎಂದು ಹೊಡೆದು ಸ್ಪೇಸ್ ಕೊಟ್ಟರೆ ವರ್ಡ್ ಅದನ್ನು ಅರ್ಧ ಭಿನ್ನರಾಶಿಯ ಒಂದೇ ಚಿಹ್ನೆಯಾಗಿ ಮಾಡುತ್ತದೆ. ಆ ಚಿಹ್ನೆಯ ಸಂಕೇತದ ಮೇಲೆ ನುಡಿ ಫಾಂಟ್ ಕೂರಿಸಿರುವುದು ‘ಳಿ’. ಕಾಲು ಭಾಗದ ಚಿಹ್ನೆಯಾದರೆ ತಲಕಟ್ಟಿಲ್ಲದ ಬೋಳು ಳಕಾರ. (ಡಿ) ಕಥೆಯೂ ಇದೇ ಜಾತಿಯದು. ಕಂಸದೊಳಗೆ ಸಣ್ಣ ಆರ್ ಬಂದರೆ ನೋಂದಾಯಿತ ಮುದ್ರೆಯ ಚಿಹ್ನೆ ಹಾಕಬೇಕೆಂದು ಆಟೋಕರೆಕ್ಟ್ ಪಟ್ಟಿ ಹೇಳುತ್ತದೆ, ನುಡಿಯಲ್ಲಿ ಆ ಚಿಹ್ನೆಯ ಜಾಗದಲ್ಲಿರುವುದು ‘ಲ’.

ತಪ್ಪು ಪದದಡಿ ವರ್ಡ್ ಎಳೆಯುವ ಕೆಂಪು ಗೆರೆ ಇದ್ದರೂ ಇವು ಸಿಗಲಿಲ್ಲವೇ ಎಂದು ಕೇಳಬಹುದು. ನುಡಿ ಪುಟದಲ್ಲಿ ಪ್ರತಿ ಪದವೂ ಇಂಗ್ಲಿಷ್ ಪದಕೋಶದ ಹೊರಗಿನದು, ಹಾಗಾಗಿ ಪ್ರತಿ ಪದಕ್ಕೂ ಗೆರೆ ಬೀಳುತ್ತದೆ. ಒಂದು ಮಿತಿ ದಾಟಿದ ಮೇಲೆ ‘ತಪ್ಪುಗಳು ತೀರಾ ಹೆಚ್ಚಿವೆ, ಇನ್ನು ತೋರಿಸಲಾಗದು’ ಎಂಬ ಸಂದೇಶ ಕೊಟ್ಟು ವರ್ಡ್ ಗೆರೆ ಎಳೆಯುವುದನ್ನೇ ಬಿಟ್ಟುಬಿಡುತ್ತದೆ. ಆಮೇಲೆ ಇಂಗ್ಲಿಷ್ ಅನುಬಂಧದ ನಿಜವಾದ ಕಾಗುಣಿತ ತಪ್ಪಿಗೂ ಗೆರೆ ಇಲ್ಲ. ಇನ್ನು ‘ಆಲ’, ‘ಆಗ’ (ಮೂಲದಲ್ಲಿ ‘ಜಗ’), ‘ಆಯ’ (ಮೂಲದಲ್ಲಿ ‘ಜಯ’) ಇಂಥವು ಕನ್ನಡದ ಸರಿಯಾದ ಪದಗಳೇ. ಪದವೊಂದನ್ನೇ ನೋಡಿ ಇವನ್ನು ಯಾವ ಕನ್ನಡ ಪರೀಕ್ಷಕವೂ ಹಿಡಿಯದು.

ಭಾಷೆಯನ್ನು ತಾನೇ ಗುರುತಿಸುವ ಆಯ್ಕೆ ವರ್ಡ್‌ನಲ್ಲಿ ಇದೆಯಲ್ಲ ಎಂಬ ಮಾತೂ ಬರುತ್ತದೆ. ರಿವ್ಯೂ ಪಟ್ಟಿಯಲ್ಲಿ ಲ್ಯಾಂಗ್ವೇಜ್, ಅದರಡಿ ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್, ಅದರ ಕೆಳತುದಿಯ ಟಿಕ್. ಅದು ವಾಕ್ಯದ ಪದಗಳನ್ನು ನೋಡಿ ಭಾಷೆ ಊಹಿಸುತ್ತದೆ. ಇಂಗ್ಲಿಷ್, ಫ್ರೆಂಚ್ ಬೆರೆತ ಕಾಗದಕ್ಕೆ ಒಳ್ಳೆಯದೇ. ನುಡಿಯ ಸಾಲನ್ನು ನೋಡಿ ಇದು ಇಂಗ್ಲಿಷಲ್ಲ ಎಂದು ಅನುಮಾನ ಪಡಬಹುದೇನೋ, ಕನ್ನಡ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಆ ಸಾಲು ಕನ್ನಡವೆಂದು ಹೇಳುವ ಗುರುತು ಇಡೀ ಫೈಲಿನಲ್ಲಿ ಒಂದೇ ಒಂದು, ಫಾಂಟಿನ ಹೆಸರು.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದುಬಾರಿಯಾಗಬಹುದಾದ ತಪ್ಪೂ ಇಲ್ಲೇ ಕಾದಿರುತ್ತದೆ. ಪುಟಗಳೆಲ್ಲ ಒಂದೇ ಥರ ಕಾಣಲಿ ಎಂದು ಯಾರಾದರೂ ಕಂಟ್ರೋಲ್ ಎ ಒತ್ತಿ ಇಡೀ ಫೈಲಿಗೆ ‘ನಿರ್ಮಲಾ ಯುಐ’ ಎಂಬ ಯೂನಿಕೋಡ್ ಫಾಂಟ್ ಕೊಟ್ಟರೆ ನುಡಿ ಪುಟಗಳು ಗೆರೆ-ಚುಕ್ಕೆಯ ರೋಮನ್ ಅಕ್ಷರಗಳಾಗುತ್ತವೆ. ಗಾಬರಿಯಾಗಿ ಮತ್ತೆ ಕಂಟ್ರೋಲ್ ಎ ಒತ್ತಿ ‘ನುಡಿ 01 ಇ’ ಕೊಟ್ಟರೆ ಕನ್ನಡ ಮರಳುತ್ತದೆ, ಆದರೆ ಈಗ ಇಂಗ್ಲಿಷ್ ಅನುಬಂಧವೂ ಅರ್ಥವಿಲ್ಲದ ಕನ್ನಡವಾಗಿರುತ್ತದೆ. ಎಲ್ಲಿ ನುಡಿ, ಎಲ್ಲಿ ಇಂಗ್ಲಿಷ್ ಎಂದು ಹೇಳುತ್ತಿದ್ದ ಗುರುತು ಅಳಿಸಿಹೋಗಿದೆ. ಸೇವ್ ಮಾಡಿ ಮುಚ್ಚಿದ್ದರೆ ಸಾಲು ಸಾಲು ಕೂತು ಬೇರ್ಪಡಿಸುವುದೇ ಗತಿ.

ಆದ್ದರಿಂದ ದುರಸ್ತಿಯ ಮೊದಲ ಕೆಲಸ ತಿದ್ದುವುದಲ್ಲ, ಗುರುತು ಹಾಕುವುದು. ಫೈಲಿನ ಒಂದು ಪ್ರತಿ ತೆಗೆದಿಟ್ಟು ಹೊಸ ಕ್ಯಾರೆಕ್ಟರ್ ಸ್ಟೈಲ್ ಮಾಡಿ, ‘ಹಳೆನುಡಿ’ ಎಂದು ಹೆಸರಿಡಿ. ಅದರ ಫಾಂಟ್ ‘ನುಡಿ 01 ಇ’ ಇರಲಿ. ಫಾರ್ಮ್ಯಾಟ್ ಗುಂಡಿಯ ಲ್ಯಾಂಗ್ವೇಜ್ ಒಳಗೆ ಕಾಗುಣಿತ, ವ್ಯಾಕರಣ ನೋಡಬೇಡ ಎಂಬ ಟಿಕ್ ಹಾಕಿ. ಆಮೇಲೆ ಕಂಟ್ರೋಲ್ ಎಚ್. ಹುಡುಕುವ ಪೆಟ್ಟಿಗೆ ಖಾಲಿ ಇಟ್ಟು ಮೋರ್, ಫಾರ್ಮ್ಯಾಟ್, ಫಾಂಟ್ ಮೂಲಕ ‘ನುಡಿ 01 ಇ’ ಆರಿಸಿ. ಬದಲಿ ಪೆಟ್ಟಿಗೆಯನ್ನೂ ಖಾಲಿ ಇಟ್ಟು ಫಾರ್ಮ್ಯಾಟ್, ಸ್ಟೈಲ್ ಮೂಲಕ ‘ಹಳೆನುಡಿ’ ಆರಿಸಿ ರಿಪ್ಲೇಸ್ ಆಲ್ ಒತ್ತಿ. ನುಡಿಯ ಬೇರೆ ಸಂಖ್ಯೆಯ ಫಾಂಟ್‌ಗಳೂ ಇದ್ದರೆ ಪ್ರತಿಯೊಂದಕ್ಕೂ ಇದನ್ನೇ ಮಾಡಬೇಕು. ಯಾವುದಾದರೂ ಪ್ಯಾರಾ ನುಡಿಯೋ ಯೂನಿಕೋಡೋ ಎಂಬ ಸಂಶಯವಿದ್ದರೆ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಯೂನಿಕೋಡ್ ಕನ್ನಡವಾಗಿಯೇ ಉಳಿಯುತ್ತದೆ, ನುಡಿ ರೋಮನ್ ಆಗುತ್ತದೆ.

ಎರಡನೆಯದು ಊಹೆಗಳನ್ನು ನಿಲ್ಲಿಸುವುದು. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ಮೊದಲ ಟ್ಯಾಬಿನಲ್ಲಿ ಎರಡು ದೊಡ್ಡಕ್ಷರ ತಿದ್ದುವುದು, ವಾಕ್ಯದ ಮೊದಲ ಅಕ್ಷರ, ಕೋಷ್ಟಕ ಖಾನೆಯ ಮೊದಲ ಅಕ್ಷರ, ವಾರದ ಹೆಸರು, ಕ್ಯಾಪ್ಸ್ ಲಾಕ್ ತಿದ್ದುವುದು, ಟೈಪ್ ಮಾಡುತ್ತಿದ್ದಂತೆ ಪದ ಬದಲಿಸುವುದು, ಈ ಆರೂ ಟಿಕ್ ತೆಗೆಯಬೇಕು. ‘ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್’ ಟ್ಯಾಬಿನಲ್ಲಿ ಭಿನ್ನರಾಶಿಯ ಟಿಕ್ ತಪ್ಪದೆ ತೆಗೆಯಿರಿ. ಬಾಗಿದ ಉದ್ಧರಣ ಚಿಹ್ನೆಯದನ್ನೂ ನುಡಿ ಕೆಲಸ ಮುಗಿಯುವವರೆಗೆ ತೆಗೆದಿಡುವುದು ಕ್ಷೇಮ. ಟಿಕ್ ತೆಗೆದರೆ ಮುಂದಿನ ತಪ್ಪುಗಳು ನಿಲ್ಲುತ್ತವೆ, ಆಗಿಹೋದದ್ದು ಹಾಗೇ ಇರುತ್ತದೆ.

ಈ ಟಿಕ್‌ಗಳು ಫೈಲಿನಲ್ಲಿ ಉಳಿಯುವುದಿಲ್ಲ. ಅವು ಆ ಕಂಪ್ಯೂಟರಿನ ಆ ಬಳಕೆದಾರರ ವರ್ಡ್‌ಗೆ ಸೇರಿದವು. ಸ್ಟೈಲ್, ಭಾಷೆಯ ಗುರುತು, ‘ಕಾಗುಣಿತ ನೋಡಬೇಡ’ ಎಂಬುದು, ಇವು ಮಾತ್ರ ಫೈಲಿನ ಜೊತೆ ಹೋಗುತ್ತವೆ. ‘ನಮ್ಮಲ್ಲಿ ಸರಿಯಿತ್ತು, ಅವರಲ್ಲಿಗೆ ಹೋಗಿ ಬಂದ ಮೇಲೆ ಕೆಟ್ಟಿತು’ ಎಂಬ ದೂರಿನ ಮೂಲ ಬಹುಪಾಲು ಇದೇ. ಮೂರು ಕಂಪ್ಯೂಟರ್ ಎಂದರೆ ಮೂರು ಕಡೆಯೂ ಕೂತು ಟಿಕ್ ತೆಗೆಯಬೇಕು. ಬೇರೆಯವರ ಯಂತ್ರದಲ್ಲಿ ತೆಗೆಯುವ ಅಧಿಕಾರ ಇಲ್ಲದಿದ್ದರೆ ಒಂದು ಕೈಉಪಾಯವಿದೆ. ಅಕ್ಷರ ಬದಲಾದದ್ದು ಕಂಡ ಕೂಡಲೇ ಕಂಟ್ರೋಲ್ ಜೆಡ್ ಒಮ್ಮೆ ಒತ್ತಿದರೆ ಟೈಪ್ ಮಾಡಿದ್ದು ಹೋಗದೆ ಆಟೋಕರೆಕ್ಟ್ ಮಾಡಿದ್ದಷ್ಟೇ ರದ್ದಾಗುತ್ತದೆ. ಕಂಡರೆ ತಾನೆ.

ಆಗಿಹೋದದ್ದನ್ನು ತಿದ್ದುವಾಗ ‘ಮ್ಯಾಚ್ ಕೇಸ್’ ಟಿಕ್ ಹಾಕದೆ ಮುಂದುವರಿಯಬೇಡಿ. ಅದಿಲ್ಲದಿದ್ದರೆ ವರ್ಡ್‌ಗೆ ದೊಡ್ಡ ಡಿಯೂ ಸಣ್ಣ ಡಿಯೂ ಒಂದೇ. ‘ಆಲ’ ಹುಡುಕಿದರೆ ‘ಜಲ’ವೂ ಸಿಗುತ್ತದೆ. ಬದಲಿಸುವಾಗ ಇನ್ನೂ ವಿಚಿತ್ರ: ಮ್ಯಾಚ್ ಕೇಸ್ ಇಲ್ಲದೆ ಬದಲಿಸಿದರೆ ಹಳೆಯ ಪದದ ಮೊದಲ ಅಕ್ಷರ ದೊಡ್ಡದಿತ್ತು ಎಂದು ಹೊಸದನ್ನೂ ದೊಡ್ಡದಾಗಿಯೇ ಕೂರಿಸುತ್ತದೆ. ‘ಈಲ್ಲೆ’ ತೆಗೆದು ‘ಜಿಲ್ಲೆ’ ಹಾಕಿದರೂ ಮತ್ತೆ ‘ಈಲ್ಲೆ’ಯೇ ಬರುತ್ತದೆ.

ಹುಡುಕಬೇಕಾದ ಜಾಗಗಳನ್ನು ಕನ್ನಡದ ಜಾಯಮಾನವೇ ತೋರಿಸಿಕೊಡುತ್ತದೆ. ನಮ್ಮಲ್ಲಿ ಪದ ಳಕಾರದಿಂದ ಶುರುವಾಗುವುದಿಲ್ಲ. ಆದ್ದರಿಂದ ಸ್ಪೇಸ್ ಆದ ಮೇಲೆ ‘ಳಿ’ ಕಂಡರೆ ಅದು ಅರ್ಧವೇ ಸರಿ, ಅಲ್ಲಿ ಧೈರ್ಯವಾಗಿ 1/2 ಹಾಕಬಹುದು. ‘ಹಳ್ಳಿ’, ‘ಆಡಳಿತ’ದ ಒಳಗಿನ ಳಿ ಮುಟ್ಟಬೇಡಿ. ಪದದ ತಲೆಯಲ್ಲಿ ಅನುಸ್ವಾರ ಬಂದರೆ ಅದು ‘ಚಿ’. ಸಾಲಿನ ಆರಂಭದ ಒಂಟಿ ‘ಲ’ ಎಂದರೆ (ಡಿ). ‘ಳಿ’ಯನ್ನೂ ಒಂಟಿ ‘ಲ’ವನ್ನೂ ಯಂತ್ರದಿಂದ ತಿದ್ದಬಹುದು. ನುಡಿಯಲ್ಲಿ ‘ಯ’ ಕೂಡ ದೊಡ್ಡ ಎಯಿಂದಲೇ ಶುರುವಾಗುವುದರಿಂದ ಅನುಸ್ವಾರವನ್ನು ಒಂದೊಂದೇ ನೋಡಿ ತಿದ್ದಿ. ಜ–ಆ, ರಿ–ಎ, ಟಿ–ಓ ಜೋಡಿಗಳಿಗೆ ರಿಪ್ಲೇಸ್ ಆಲ್ ಒತ್ತಬೇಡಿ. ಕೆರೆ ವರದಿಯಲ್ಲಿ ನಿಜವಾದ ಆಲದ ಮರವೂ ಇರುತ್ತದೆ! ಚುಕ್ಕಿ, ಸ್ಪೇಸ್, ನಂತರ ‘ಆ’ ಎಂದು ಹುಡುಕಿ ಒಂದೊಂದೇ ಓದಿ ತೀರ್ಮಾನಿಸುವುದು ನಿಧಾನದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಯೂನಿಕೋಡಿಗೆ ಪರಿವರ್ತಿಸುವುದು ಇದಾದ ಮೇಲೆ. ಮೊದಲೇ ಪರಿವರ್ತಿಸಿದರೆ ‘ಆಲ’ ನಿಜವಾದ ಆಕಾರವಾಗಿ ಕೂತುಬಿಡುತ್ತದೆ, ಸಂಕೇತದ ದೊಡ್ಡ-ಸಣ್ಣ ಸುಳಿವೂ ಉಳಿಯುವುದಿಲ್ಲ. ಇಡೀ ಫೈಲನ್ನು ಪರಿವರ್ತಕಕ್ಕೆ ತುರುಕಬೇಡಿ, ಅದು ಇಂಗ್ಲಿಷನ್ನೂ ಕನ್ನಡವೆಂದೇ ತಿಳಿದು ಹಿಟ್ಟು ಮಾಡುತ್ತದೆ. ‘ಹಳೆನುಡಿ’ ಸ್ಟೈಲ್ ಇರುವ ಭಾಗಗಳನ್ನಷ್ಟೇ ಕೊಡಿ. ಬಂದ ಮೇಲೆ ಅರ್ಕಾವೊತ್ತಿನ ಪದಗಳನ್ನು ಮೊದಲು ನೋಡಿ. ನುಡಿಯಲ್ಲಿ ಅರ್ಕಾವೊತ್ತಿನ ಸಂಕೇತ ಅಕ್ಷರದ ನಂತರ ನಿಲ್ಲುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ‘ಕರ್ನಾಟಕ’ ಸರಿಯಾಗಿ ಬಂತೇ ಎಂಬುದು ಒಳ್ಳೆಯ ಪರೀಕ್ಷೆ.

ಈಗ ಯೂನಿಕೋಡ್ ಭಾಗ. ಇಲ್ಲಿ ಸ್ವಯಂಪತ್ತೆಯನ್ನು ನಂಬಬಹುದು, ಒಂದು ಹಂತದವರೆಗೆ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಹಾಗಾಗಿ ವರ್ಡ್ ಊಹಿಸಬೇಕಾಗಿಲ್ಲ, ನೋಡಿದರೆ ಸಾಕು. ನೋಡಿ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಖಾನೆಗೆ ಹಾಕುತ್ತದೆ, ಇಂಗ್ಲಿಷನ್ನು ಲ್ಯಾಟಿನ್ ಖಾನೆಗೆ. ಎರಡಕ್ಕೂ ಫಾಂಟ್ ಬೇರೆ, ಗಾತ್ರ ಬೇರೆ, ದಪ್ಪಕ್ಷರವೂ ಬೇರೆ. ವರದಿಯಲ್ಲಿ ಮೈಪಠ್ಯ 12 ಎಂದು ಸ್ಟೈಲಿನಲ್ಲಿ ಕೊಟ್ಟಿದ್ದರೂ ಕನ್ನಡ ಸಣ್ಣದಾಗಿ, ನಡುವಿನ ಇಂಗ್ಲಿಷ್ ಪದ ದೊಡ್ಡದಾಗಿ ಕಂಡದ್ದು ಲ್ಯಾಟಿನ್ ಖಾನೆಗೆ ಮಾತ್ರ 12 ಬಿದ್ದದ್ದರಿಂದ. ಸ್ಟೈಲಿನ ಮಾಡಿಫೈ, ಫಾರ್ಮ್ಯಾಟ್, ಫಾಂಟ್‌ಗೆ ಹೋಗಿ ಎರಡೂ ಖಾನೆ ತುಂಬಬೇಕು. ಕಾಂಪ್ಲೆಕ್ಸ್ ಖಾನೆಯೇ ಕಾಣದಿದ್ದರೆ ಫೈಲ್, ಆಪ್ಷನ್ಸ್, ಲ್ಯಾಂಗ್ವೇಜ್‌ನಲ್ಲಿ ಕನ್ನಡವನ್ನು ಬರೆಯುವ ಭಾಷೆಯಾಗಿ ಸೇರಿಸಿ ವರ್ಡ್ ಮುಚ್ಚಿ ತೆರೆಯಿರಿ. ಲಿಬ್ರೆಆಫೀಸ್‌ನಲ್ಲೂ ಇದೇ ವ್ಯವಸ್ಥೆ. ಟೂಲ್ಸ್, ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಟಿಕ್ ಹಾಕಿ ಕನ್ನಡ ಆರಿಸಿದರೆ ಸ್ಟೈಲಿನ ಫಾಂಟ್ ಪುಟದಲ್ಲಿ ಅದರ ಖಾನೆ ಬರುತ್ತದೆ.

ಭಾಷೆಯ ಗುರುತಿನದು ಇನ್ನೊಂದು ಸಿಕ್ಕು. ಕನ್ನಡ ಕೀಲಿಮಣೆಯಿಂದ ನೇರ ಹೊಡೆದ ಪಠ್ಯಕ್ಕೆ ಕನ್ನಡದ ಗುರುತು ಬೀಳುತ್ತದೆ. ಪರಿವರ್ತಕದ ಮೂಲಕ ಬಂದದ್ದಕ್ಕೆ ಫೈಲಿನ ಮೂಲ ಗುರುತೇ ಅಂಟುತ್ತದೆ. ವರ್ಡ್ ಫೈಲ್ ಎಂದರೆ ಒಂದು ಜಿಪ್ ಕಟ್ಟು. ಅದರ ಒಂದು ನಕಲು ತೆಗೆದು, ಹೆಸರಿನ ಕೊನೆಯ ‘docx’ ಅನ್ನು ‘zip’ ಎಂದು ಬದಲಿಸಿ ಬಿಚ್ಚಿದರೆ ಒಳಗೆ ‘ಸ್ಟೈಲ್ಸ್’ ಕಡತ ಸಿಗುತ್ತದೆ. ಅದರಲ್ಲಿ ಕಾಂಪ್ಲೆಕ್ಸ್ ಲಿಪಿಗಳ ಮೂಲ ಭಾಷೆ ಎಷ್ಟೋ ಫೈಲ್‌ಗಳಲ್ಲಿ ಸೌದಿ ಅರೇಬಿಯಾದ ಅರಬ್ಬಿ ಎಂದಿರುತ್ತದೆ! ಕೆರೆ ವರದಿಯ ಕನ್ನಡ ಅರಬ್ಬಿ ಎಂದು ದಾಖಲಾಗಿದ್ದರೆ ಕನ್ನಡ ಪರೀಕ್ಷಕ ಹಾಕಿಕೊಂಡಿದ್ದರೂ ಅದು ಕೆಲಸಕ್ಕೆ ಇಳಿಯುವುದಿಲ್ಲ. ಮೈಪಠ್ಯದ ಸ್ಟೈಲಿನಲ್ಲೇ ಭಾಷೆಯನ್ನು ಕನ್ನಡ ಎಂದು ಕೊಟ್ಟು, ತಾನೇ ಗುರುತಿಸುವ ಟಿಕ್ ತೆಗೆದರೆ ಇದು ಮುಗಿಯಿತು. ಅದೇ ಕಡತದಲ್ಲಿ ಗಾತ್ರ ನೋಡುವವರಿಗೆ ಒಂದು ಮಾತು: ಅಲ್ಲಿ ಲೆಕ್ಕ ಅರ್ಧ ಪಾಯಿಂಟಿನಲ್ಲಿ, 12ಕ್ಕೆ 24 ಎಂದಿರುತ್ತದೆ.

ಲಿಪಿ ಕಂಡರೆ ಭಾಷೆ ಕಂಡಂತಲ್ಲ. ವರದಿಯಲ್ಲಿ ಒಂದು ತುಳು ಗಾದೆ ಬಂದರೆ ಅದೂ ಕನ್ನಡ ಲಿಪಿಯೇ, ಕನ್ನಡ ಎಂದೇ ಎಣಿಕೆಯಾಗಿ ಕೆಂಪು ಗೆರೆ ಬೀಳುತ್ತದೆ. ಕೊಡವ, ಕೊಂಕಣಿಗೂ ಹೀಗೇ. ಅವಕ್ಕೆ ‘ನೋಡಬೇಡ’ ಎಂಬ ಬೇರೆ ಸ್ಟೈಲ್ ಕೊಡುವುದು ವಾಸಿ.

ಎಕ್ಸೆಲ್ ಕೋಷ್ಟಕದ ವಿಷಯಕ್ಕೆ ಬಂದರೆ, ಸರ್ವೆ ನಂಬರ್ ಅಂಕಣದಲ್ಲಿ 5/2 ಎಂಬುದು ‘05-ಫೆಬ್’ ಆಗಿತ್ತು, 132/2 ಹಾಗೇ ಇತ್ತು. ದಿನ–ತಿಂಗಳಾಗಿ ಓದಬಹುದಾದದ್ದನ್ನು ಎಕ್ಸೆಲ್ ದಿನಾಂಕ ಮಾಡಿತು, ಆಗದ್ದನ್ನು ಬಿಟ್ಟಿತು. ಅರ್ಧ ಅಂಕಣ ಸರಿಯಿದ್ದರೆ ಕಣ್ಣು ಉಳಿದರ್ಧವನ್ನೂ ನಂಬಿಬಿಡುತ್ತದೆ. ಆಮೇಲೆ ಅಂಕಣವನ್ನು ಟೆಕ್ಸ್ಟ್ ಮಾಡಿದರೆ 5/2 ಮರಳುವುದಿಲ್ಲ. 2024ರಲ್ಲಿ ಹೊಡೆದಿದ್ದರೆ 45327 ಎಂಬ ಅಂಕಿ ಬರುತ್ತದೆ, ಅದು 2024ರ ಫೆಬ್ರವರಿ 5ರ ಒಳಲೆಕ್ಕ. ಟೈಪ್ ಮಾಡುವ ಮೊದಲೇ ಅಂಕಣ ಆರಿಸಿ ಟೆಕ್ಸ್ಟ್ ಮಾಡಬೇಕು, ಇಲ್ಲವೇ ಪ್ರತಿ ನಂಬರಿನ ಮೊದಲಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಬೇಕು.

ಇದೇ ಊಹೆ ಜೀವವಿಜ್ಞಾನಿಗಳನ್ನೂ ಕಾಡಿದೆ. ಮಾರ್ಚ್1, ಸೆಪ್ಟ್2 ಎಂಬ ಜೀನ್ ಹೆಸರುಗಳು ಎಕ್ಸೆಲ್‌ನಲ್ಲಿ ದಿನಾಂಕಗಳಾಗುತ್ತಿದ್ದವು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರಲ್ಲಿ ಒಂದು ಅಧ್ಯಯನ ತೋರಿಸಿತು. 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಹೆಸರುಗಳನ್ನೇ ಬದಲಿಸಿತು, ಮಾರ್ಚ್1 ‘ಮಾರ್ಚ್‌ಎಫ್1’ ಆಯಿತು. ಊಹೆಯನ್ನು ನಿಲ್ಲಿಸುವ ಟಿಕ್ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಆ ಟಿಕ್ ಅಂಟಿಕೊಂಡ ಅಕ್ಷರ–ಅಂಕಿಗಳ ಮಟ್ಟಿಗಿನದು, ಓರೆಗೆರೆಯ ಸರ್ವೆ ನಂಬರನ್ನು ಅದರ ಮೇಲೆ ಭಾರ ಹಾಕಿ ಬಿಡಬೇಡಿ. ಸರ್ವೆ ನಂಬರ್‌ಗಳಿಗೆ ಹೆಸರು ಬದಲಿಸುವ ಅನುಕೂಲವೂ ನಮಗಿಲ್ಲ.

ಕೊನೆಗೆ ಫೈಲ್ ಬೇರೆ ಕಂಪ್ಯೂಟರಿಗೆ ಹೋದಾಗ ಮಾಡುವ ಅರ್ಧ ನಿಮಿಷದ ಪರೀಕ್ಷೆ. ಉಳಿದಿರುವ ಯಾವುದಾದರೂ ನುಡಿ ಪುಟದ ಕೊನೆಗೆ ಹೋಗಿ ಚುಕ್ಕಿ, ಸ್ಪೇಸ್, ‘ಜಲ’, ಮತ್ತೊಂದು ಸ್ಪೇಸ್ ಒತ್ತಿ. ಮುಂದಿನ ಸಾಲಿನಲ್ಲಿ ‘1/2’, ಸ್ಪೇಸ್. ‘ಆಲ’ ಅಥವಾ ‘ಳಿ’ ಕಂಡರೆ ಫೈಲನ್ನು ಸೇವ್ ಮಾಡದೆ ಮುಚ್ಚಿ, ಮೊದಲು ಆ ಯಂತ್ರದ ಟಿಕ್‌ಗಳನ್ನು ತೆಗೆದು ಬನ್ನಿ.